ನಿವೃತ್ತಿಯಾದ ಮೇಲೆ ಬರೆಯೋಕೆ ಕೂತರೆ ಬರೀ ವರದಿಯೇ ಬರುತ್ತಿದೆ, ಏನು ಮಾಡಲಿ?

ಹಳೇಸೂಕ್ಷ್ಮದರ್ಶಕ
ಎಲ್ಲರಿಗೂ ನಮಸ್ಕಾರ. ವಯಸ್ಸು 67. ವೈದ್ಯಕೀಯ ಓದಿದವನು, ಆದರೆ 38 ವರ್ಷ ಸಾಂಕ್ರಾಮಿಕ ರೋಗಗಳ ಪ್ರಯೋಗಾಲಯದಲ್ಲೇ ಕಳೆದೆ. ರೋಗಿಗಳ ಮುಖ ನೋಡಿದ್ದು ಕಡಿಮೆ, ಅವರ ರಕ್ತ ನೋಡಿದ್ದೇ ಹೆಚ್ಚು. ಎರಡು ವರ್ಷದ ಹಿಂದೆ ನಿವೃತ್ತಿಯಾಯಿತು. ಹೈಸ್ಕೂಲಿನಲ್ಲಿದ್ದಾಗ ಕಥೆ ಬರೆಯುತ್ತಿದ್ದೆ. ಈಗ ಮತ್ತೆ ಶುರು ಮಾಡೋಣ ಅಂತ ಕೂತಿದ್ದೇನೆ. ಕಥೆಯೋ ನೆನಪುಗಳೋ ಇನ್ನೂ ಗೊತ್ತಿಲ್ಲ.

ತೊಂದರೆ ಏನೆಂದರೆ, ಏನು ಬರೆದರೂ ವರದಿಯಾಗುತ್ತದೆ. ನನ್ನ ಹೆಂಡತಿ ಒಂದು ಪುಟ ಓದಿ, "ಇದಕ್ಕೆ ಸಹಿ, ಮೊಹರು ಎರಡೂ ಬಾಕಿ ಇದೆ" ಅಂದಳು. ನೀವೇ ನೋಡಿ:

"ಸದರಿ ಶನಿವಾರ ರಾತ್ರಿ ಕಂಪ್ರೆಸರ್ ವೈಫಲ್ಯದ ಕಾರಣ ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್ ಸ್ಥಗಿತಗೊಂಡಿತು. ಅಲಾರಾಂ ಸದ್ದನ್ನು ನಿಲ್ಲಿಸಲಾಗಿತ್ತು. ಸೋಮವಾರ ಬೆಳಿಗ್ಗೆ ಪರಿಶೀಲಿಸಲಾಗಿ ಒಟ್ಟು 412 ರಕ್ತಸಾರದ ಮಾದರಿಗಳು ಕರಗಿರುವುದು ಕಂಡುಬಂದಿತು. ಸಹಾಯಕಿಯವರಲ್ಲಿ ತೀವ್ರ ಬೇಸರವನ್ನು ಗಮನಿಸಲಾಯಿತು."

ಇದು ನನ್ನ ಬದುಕಿನ ಅತಿ ಕೆಟ್ಟ ಬೆಳಗು. ಓದಿದರೆ ಹಾಗೆ ಅನ್ನಿಸುತ್ತದೆಯೇ? ಈ ವಯಸ್ಸಿನಲ್ಲಿ ಕೈ ತಿದ್ದಿಕೊಳ್ಳಲು ಸಾಧ್ಯವೇ?

ಕೊಂಕುಮಾತು
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಸಾರ್.

ಪೈಪೆಟ್
"ಬೇಸರವನ್ನು ಗಮನಿಸಲಾಯಿತು" 😂😂 ಕ್ಷಮಿಸಿ ಸರ್, ನಗು ತಡೆಯೋಕಾಗಲಿಲ್ಲ. ನಾನು ಪಿಎಚ್‌ಡಿ ಮಾಡ್ತಿದ್ದೀನಿ, ನನ್ನ ಡೈರಿನೂ ಹಿಂಗೇ ಇರುತ್ತೆ.

ಅರ್ಧವಿರಾಮ
30 ವರ್ಷ ಪ್ರೂಫ್ ತಿದ್ದಿದವನ ಮಾತು ಅಂತ ತಗೊಳ್ಳಿ. ನಿಮ್ಮ ರೋಗದ ಹೆಸರು "ಲಾಯಿತು". ಗಮನಿಸಲಾಯಿತು, ಪರಿಶೀಲಿಸಲಾಗಿ, ನಿಲ್ಲಿಸಲಾಗಿತ್ತು. ನಾಲ್ಕು ವಾಕ್ಯದಲ್ಲಿ ಮೂರು. ವ್ಯಾಕರಣದ ಪುಸ್ತಕ ಇದನ್ನು ಕರ್ಮಣಿ ಪ್ರಯೋಗ ಅನ್ನುತ್ತದೆ. ಮಾತಾಡುವ ಕನ್ನಡದಲ್ಲಿ ಇದನ್ನು ಬಳಸುವವರು ಯಾರಾದರೂ ಇದ್ದಾರಾ? "ಅಮ್ಮಾ, ನನ್ನಿಂದ ಊಟ ಮಾಡಲಾಯಿತು" ಅಂತ ಯಾವ ಮಗು ಹೇಳುತ್ತೆ? ಕಚೇರಿ ಕಡತದಿಂದ ಬಂದದ್ದು, ಕಡತಕ್ಕೇ ವಾಪಸ್ ಕಳಿಸಿ.

ಇನ್ನೊಂದು. "ಸದರಿ" ಕಂಡರೆ ನನಗೆ ಮೈಯುರಿ.

ಒಂದೇಸಾಲು
ಅಲಾರಾಂ ನಿಲ್ಲಿಸಿದ್ದು ಯಾರು?

ಗೂಬೆಕಣ್ಣು
ಅರ್ಧವಿರಾಮ ಅವರೇ, ತಪ್ಪು ಕಡತದ್ದು ಮಾತ್ರ ಅಲ್ಲ. ವೈದ್ಯಕೀಯ ಪ್ರಬಂಧ ಬರೆಯುವ ಚೌಕಟ್ಟೇ ಹಾಗಿದೆ. ಮೊದಲು ಪೀಠಿಕೆ, ಆಮೇಲೆ ವಿಧಾನ, ಫಲಿತಾಂಶ, ಕೊನೆಗೆ ಚರ್ಚೆ. ಇದರೊಳಗೆ ಮನುಷ್ಯ ಕೂರಲು ಜಾಗವೇ ಇಲ್ಲ. ಅಂಗಾಂಗ ಕಸಿಯನ್ನು ದೇಹ ಯಾಕೆ ತಿರಸ್ಕರಿಸುತ್ತದೆ ಅಂತ ಜೀವಮಾನವಿಡೀ ಹುಡುಕಿದ ಪೀಟರ್ ಮೆಡಾವರ್ ಇದ್ದಾರಲ್ಲ, 1960ರ ನೊಬೆಲ್, ಅವರು 1963ರಲ್ಲಿ ಬಿಬಿಸಿ ರೇಡಿಯೋದಲ್ಲಿ ಒಂದು ಭಾಷಣ ಮಾಡಿದರು. ವಿಷಯ: ವೈಜ್ಞಾನಿಕ ಪ್ರಬಂಧ ಅನ್ನೋದು ಮೋಸವೇ? ಅಂಕಿ ಅಂಶ ಸುಳ್ಳು ಅಂತ ಅಲ್ಲ. ವಿಜ್ಞಾನಿ ನಿಜವಾಗಿ ಹೇಗೆ ಯೋಚಿಸಿದ, ಎಲ್ಲಿ ಎಡವಿದ, ಯಾವ ಊಹೆ ಹಿಡಿದು ಹೊರಟ ಅನ್ನೋದನ್ನು ಪ್ರಬಂಧ ಮುಚ್ಚಿಡುತ್ತೆ ಅಂತ.

ಅದೇ ಮೆಡಾವರ್‌ಗೆ 1969ರಲ್ಲಿ ಪಾರ್ಶ್ವವಾಯು ಬಡಿಯಿತು. ಆಮೇಲೂ ಪುಸ್ತಕದ ಮೇಲೆ ಪುಸ್ತಕ ಬರೆದರು, 1986ರಲ್ಲಿ ಆತ್ಮಕಥೆ. ಹಾಗಾಗಿ ಕೊಂಕುಮಾತು ಅವರ ಮರದ ಗಾದೆ ಇಲ್ಲಿ ನಡೆಯೋದಿಲ್ಲ.

ಪೈಪೆಟ್
ಸಣ್ಣ ತಿದ್ದುಪಡಿ. ಪ್ರಬಂಧ ಅಂದ್ರೆ ಕರ್ಮಣಿಯೇ ಆಗಬೇಕು ಅನ್ನೋ ನಿಯಮ ಏನಿಲ್ಲ. ಡಿಎನ್‌ಎ ರಚನೆ ಬಗ್ಗೆ ವಾಟ್ಸನ್, ಕ್ರಿಕ್ 1953ರಲ್ಲಿ ಬರೆದ ಪ್ರಬಂಧ ಶುರುವಾಗೋದೇ "ನಾವು" ಅಂತ. ಈಗ ಎಷ್ಟೋ ನಿಯತಕಾಲಿಕಗಳು ನೇರವಾಗಿ ಬರೀರಿ ಅಂತ ಅವರೇ ಹೇಳ್ತಾರೆ. ನಮ್ಮ ಗೈಡ್‌ಗಳು ಬಿಡಲ್ಲ, ಅಷ್ಟೇ.

ಕೊಂಕುಮಾತು
ಮೆಡಾವರ್ ಮೊದಲಿಂದಲೂ ಚೆನ್ನಾಗಿ ಬರೀತಿದ್ದ ಮನುಷ್ಯ. ನಾನು ಹೇಳಿದ್ದು 67ಕ್ಕೆ ಅಆಇಈ ಶುರು ಮಾಡುವವರ ಬಗ್ಗೆ. ನಿವೃತ್ತಿ ಆದ್ಮೇಲೆ ಆತ್ಮಕಥೆ ಬರೆಯೋದು ಈಗ ಬಿಪಿ, ಶುಗರ್ ಥರ ಆಗಿದೆ. ಬರದೇ ಇರೋರೇ ಕಡಿಮೆ.

ಕರಡು
ಒಂದು ಸಣ್ಣ ಪತ್ರಿಕೆಗೆ ಬರುವ ಕಥೆಗಳನ್ನು ಓದುವವಳು ನಾನು. ಕೊಂಕುಮಾತು ಅವರಿಗೆ ಹೇಳುವುದಿಷ್ಟು. ತಡವಾಗಿ ಶುರು ಮಾಡಿದವರದ್ದು ಎರಡು ಜಾತಿ. ಒಂದು, ಪ್ರಶಸ್ತಿ ಪತ್ರಗಳ ಪಟ್ಟಿಗೆ "ನಾನು" ಸೇರಿಸಿ ಕಳಿಸುವವರು. ಹುಟ್ಟಿದ್ದು, ಓದಿದ್ದು, ವಿದೇಶಕ್ಕೆ ಹೋದದ್ದು, ಬಡ್ತಿ. ಅದು 200 ಪುಟದ ಬಯೋಡೇಟಾ. ಇನ್ನೊಂದು, ಯಾವುದೋ ಒಂದು ವಿಷಯ ಗಂಟಲಲ್ಲಿ ಸಿಕ್ಕಿಹಾಕಿಕೊಂಡು ಬರೆಯುವವರು. ಎರಡನೆಯವರದ್ದು ಭಾಷೆ ಎಷ್ಟೇ ಒರಟಾಗಿದ್ದರೂ ನಾನು ಕೊನೆವರೆಗೂ ಓದುತ್ತೇನೆ.

ಡಾಕ್ಟರ್, ನಿಮ್ಮ ನಾಲ್ಕು ಸಾಲಿನಲ್ಲಿ ನನಗೆ ಬೇಕಾದದ್ದು ಆ ಸಹಾಯಕಿ. ಬಾಗಿಲು ತೆಗೆದಾಗ ಅವರು ಏನು ಮಾಡಿದರು? ನಿಂತರೇ, ಕೂತರೇ? "ತೀವ್ರ ಬೇಸರ" ಅನ್ನೋದು ನೀವು ಕೊಟ್ಟ ರೋಗನಿರ್ಣಯ. ನನಗೆ ಲಕ್ಷಣ ಹೇಳಿ.

ಹಳೇಸೂಕ್ಷ್ಮದರ್ಶಕ
ಎಲ್ಲರಿಗೂ ಧನ್ಯವಾದ. ಕರಡು ಅವರೇ, "ನನಗೆ ಲಕ್ಷಣ ಹೇಳಿ" ಅಂದದ್ದು ಪಕ್ಕನೆ ಹೊಳೆಯಿತು. ವಿದ್ಯಾರ್ಥಿಗಳಿಗೆ ನಾನೂ ಹೇಳುತ್ತಿದ್ದದ್ದು ಅದೇ, ನೋಡಿದ್ದನ್ನು ಬರೆಯಿರಿ, ತೀರ್ಮಾನವನ್ನಲ್ಲ. ಪ್ರಯೋಗದ ದಿನಚರಿಯಲ್ಲಿ ಪೆನ್ಸಿಲ್ ಮುಟ್ಟುವ ಹಾಗಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಹೊಡೆದದ್ದೂ ಓದಲು ಸಿಗಬೇಕು. ಕಥೆ ಬರೆಯಲು ಕೂತಾಗ ಅದನ್ನೆಲ್ಲ ಮರೆತಿದ್ದೆ.

ಸಹಾಯಕಿ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಟ್ರೇ. ಒಂದೊಂದೇ ಬಾಟಲಿ ಎತ್ತಿ ದೀಪಕ್ಕೆ ಹಿಡಿದು ನೋಡುತ್ತಿದ್ದರು, ಯಾವುದಾದರೂ ಒಂದರಲ್ಲಿ ಮಂಜು ಉಳಿದಿದೆಯೇನೋ ಅಂತ.

ಕರಡು
ಇದು. ಇದನ್ನೇ ಬರೀರಿ.

ಪೈಪೆಟ್
ಅಯ್ಯೋ. ಹೊಟ್ಟೆ ಹಿಂಡಿದ ಹಾಗಾಯ್ತು.

ಒಂದೇಸಾಲು
ಸರಿ, ಅಲಾರಾಂ?

ಬೇರುಬಿಳಲು
ಪುಸ್ತಕ ಮಾಡುವುದಿದ್ದರೆ ಒಂದು ಎಚ್ಚರಿಕೆ. ನಮ್ಮ ತಂದೆ ರೋಗಶಾಸ್ತ್ರಜ್ಞರು, 70 ದಾಟಿದ ಮೇಲೆ ಬರೆದರು. ಒಬ್ಬ ಪ್ರಕಾಶಕ ದುಡ್ಡು ತೆಗೆದುಕೊಂಡು 500 ಪ್ರತಿ ಮುದ್ರಿಸಿ ಅಷ್ಟನ್ನೂ ನಮ್ಮ ಮನೆಗೇ ತಂದು ಹಾಕಿದ. ಒಂದು ಅಕ್ಷರ ತಿದ್ದಿರಲಿಲ್ಲ. ಅಪ್ಪ ಹೋದ ಮೇಲೆ ಈಗಲೂ ಮಂಚದ ಕೆಳಗೆ ಇವೆ. ಬೇಜಾರೇನೆಂದರೆ, ಅವರ ಹಳೇ ನೋಟ್‌ಬುಕ್ಕುಗಳ ಅಂಚಿನಲ್ಲಿ ಗೀಚಿದ್ದೆಲ್ಲ ಪುಸ್ತಕಕ್ಕಿಂತ ಎಷ್ಟೋ ಚೆನ್ನಾಗಿದೆ. "ಇವತ್ತು ಮಗಳಿಗೆ ಜ್ವರ. ಮೂರನೇ ಸ್ಲೈಡ್ ಎರಡು ಸಲ ಎಣಿಸಿದೆ, ಎರಡು ಸಲವೂ ಬೇರೆ ಲೆಕ್ಕ." ಪುಸ್ತಕದಲ್ಲಿ ನಾನು ಎಲ್ಲೂ ಇಲ್ಲ. ಅಂಚಿನಲ್ಲಿದ್ದೇನೆ.

ಅರ್ಧವಿರಾಮ
ಆ ಅಂಚಿನ ಬರಹಗಳನ್ನು ದಯವಿಟ್ಟು ಬೇರೆ ಪುಸ್ತಕ ಮಾಡಿ ಮೇಡಂ.

ಗೂಬೆಕಣ್ಣು
ಕೊಂಕುಮಾತು ಅವರಿಗೆ ಇನ್ನೂ ಉದಾಹರಣೆ ಬೇಕಂತೆ, ತಗೊಳ್ಳಿ. ನರಕೋಶಗಳ ಚಿತ್ರ ಬಿಡಿಸಿ 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಕಹಾಲ್, 1922ರಲ್ಲಿ 70ಕ್ಕೆ ನಿವೃತ್ತರಾದರು. 80 ದಾಟಿದವನ ಕಣ್ಣಿಗೆ ಜಗತ್ತು ಹೇಗೆ ಕಾಣುತ್ತೆ ಅಂತ ಬರೆದ ಅವರ ಪುಸ್ತಕ ಬಂದದ್ದು 1934ರಲ್ಲಿ, ಅವರು ತೀರಿಕೊಂಡ ವರ್ಷ. ಕಿವಿ ಮಂದವಾಗೋದು, ಮರೆವು, ನಿದ್ದೆ ಬಾರದಿರೋದು, ಎಲ್ಲವನ್ನೂ ತನ್ನ ಮೇಲೇ ಪ್ರಯೋಗ ನಡೆಸಿದವನ ಹಾಗೆ ಬರೆದಿದ್ದಾರೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ತೋರಿಸಿದ ರೊನಾಲ್ಡ್ ರಾಸ್ ಕೂಡ ನೆನಪುಗಳ ಪುಸ್ತಕ ತಂದದ್ದು 1923ರಲ್ಲಿ, 66ನೇ ವಯಸ್ಸಿಗೆ.

ಕೊಂಕುಮಾತು
ನಿಮ್ಮ ಉದಾಹರಣೆ ನಿಮಗೇ ತಿರುಗುಬಾಣ. ಕಹಾಲ್ 1905ರಲ್ಲೇ "ಡಾಕ್ಟರ್ ಬ್ಯಾಕ್ಟೀರಿಯಾ" ಅನ್ನೋ ಹೆಸರಲ್ಲಿ ಕಥೆಗಳ ಪುಸ್ತಕ ತಂದವನು. ರಾಸ್ ಅಂತೂ ಚಿಕ್ಕಂದಿನಿಂದ ಪದ್ಯ, ಕಾದಂಬರಿ ಅಂತ ಓಡಾಡಿದವನು. 1897ರ ಆಗಸ್ಟಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡಾಗಲೂ ಪದ್ಯ ಬರೆದ. ಇಬ್ಬರೂ ತಡವಾಗಿ ಶುರು ಮಾಡಿದವರಲ್ಲ, ಬಿಡುವು ಸಿಕ್ಕಿದ ಮೇಲೆ ಮುಂದುವರಿಸಿದವರು.

ಗೂಬೆಕಣ್ಣು
ಡಾಕ್ಟರೂ ಹೈಸ್ಕೂಲಿನಲ್ಲಿ ಕಥೆ ಬರೆಯುತ್ತಿದ್ದರಂತೆ. ಮೊದಲ ಪೋಸ್ಟ್ ಓದಿದಿರಾ?

ಕೊಂಕುಮಾತು
…ಓದಿರಲಿಲ್ಲ. ಇದೊಂದು ಅಂಕ ನಿಮಗೆ.

ರಾತ್ರಿಪಾಳಿ
ಕನ್ನಡದಲ್ಲೇ ರಾಶಿಯವರು ಇದ್ದರಲ್ಲ! ಡಾ. ಶಿವರಾಂ. ವೈದ್ಯರಾಗಿದ್ದುಕೊಂಡೇ 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಶುರು ಮಾಡಿದರು, ಎಷ್ಟು ಜನರನ್ನ ನಗಿಸಿದರು.

ಅರ್ಧವಿರಾಮ
ಹೌದು, ಆದರೆ ಅವರು ನಿವೃತ್ತಿಗೆ ಕಾದವರಲ್ಲ. ಬಿ.ಜಿ.ಎಲ್. ಸ್ವಾಮಿಯವರನ್ನೂ ಈಗ ಯಾರಾದರೂ ತರುತ್ತೀರಿ, ಅದಕ್ಕೇ ಮೊದಲೇ ಹೇಳುತ್ತೇನೆ: ಅವರದು ಸಸ್ಯಶಾಸ್ತ್ರ, ವೈದ್ಯಕೀಯವಲ್ಲ. ಆದರೂ ಡಾಕ್ಟರೇ, 'ಹಸುರು ಹೊನ್ನು' ಒಂದು ಸಲ ಮತ್ತೆ ತಿರುವಿ. ಗಿಡಗಳ ಲ್ಯಾಟಿನ್ ಹೆಸರು, ವಿದ್ಯಾರ್ಥಿಗಳ ತರಲೆ, ಎರಡೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಇರುತ್ತವೆ.

ಪೈಪೆಟ್
ಪದಗಳ ವಿಷಯ ಬಂತಲ್ಲ, ಕೇಳ್ತೀನಿ. "ರಕ್ತಸಾರ" ಅಂದ್ರೆ ಯಾರಿಗೆ ಅರ್ಥ ಆಗುತ್ತೆ? ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ ದ್ರವ ತಾನೇ, ಸೀರಂ ಅಂದ್ರೆ ಸಾಕಲ್ವಾ? ಆ್ಯಂಟಿಬಾಡಿಗೆ ಪ್ರತಿಕಾಯ ಅಂತೆ.

ಬೇರುಬಿಳಲು
ಪ್ರತಿಕಾಯ ಚೆನ್ನಾಗಿದೆಯಲ್ಲ! ನನಗೆ ಆ್ಯಂಟಿಬಾಡಿಗಿಂತ ಅದೇ ಬೇಗ ತಲೆಗೆ ಹೋಯಿತು.

ಅರ್ಧವಿರಾಮ
ಪಾತ್ರ ಏನು ಅನ್ನುತ್ತದೋ ಅದನ್ನೇ ಬರೆಯಬೇಕು. ಲ್ಯಾಬಿನಲ್ಲಿ ಸಹಾಯಕಿ "ಸರ್, ರಕ್ತಸಾರ ಕರಗಿದೆ" ಅಂದಿರಲಾರರು.

ಹಳೇಸೂಕ್ಷ್ಮದರ್ಶಕ
ಇಲ್ಲ, "ಸರ್, ಸೀರಂ ಎಲ್ಲಾ ಹೋಯ್ತು" ಅಂದರು. ನಾನೇ ಬರೆಯುವಾಗ ಬಿಳಿ ಅಂಗಿ ತೊಡಿಸಿದೆ.

ಸೀರಂ ಅಂದ ಕೂಡಲೆ ನೆನಪಾಯಿತು, ನನಗೆ ಟೈಪಿಂಗ್ ನಿಧಾನ. ಮೊಮ್ಮಗಳು ಮಾತಾಡಿದರೆ ಬರೆದುಕೊಳ್ಳುವ ಆ್ಯಪ್ ಹಾಕಿಕೊಟ್ಟಿದ್ದಾಳೆ. "ಸೀರಂ" ಅಂದರೆ ಪ್ರತಿ ಸಲವೂ "ಶ್ರೀರಾಮ" ಅಂತ ಬರುತ್ತದೆ. ಒಂದು ಅಧ್ಯಾಯದಲ್ಲಿ 37 ಶ್ರೀರಾಮ.

ಕೊಂಕುಮಾತು
ಪುಣ್ಯ ಬಂತು ಬಿಡಿ. "ಶ್ರೀರಾಮ ಎಲ್ಲಾ ಹೋಯ್ತು" 😀

ಬೇರುಬಿಳಲು
ಹಳೇ ಫಾಂಟಿನಲ್ಲಿ ಮಾತ್ರ ಟೈಪ್ ಮಾಡಬೇಡಿ ಸರ್. ಅಪ್ಪನ ಕಡತಗಳು ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ. ಯೂನಿಕೋಡ್‌ನಲ್ಲೇ ಬರೀರಿ.

ಕರಡು
ಕೈಯಲ್ಲೇ ಬರೆಯಬಹುದಲ್ಲ?

ರಾತ್ರಿಪಾಳಿ
ಡಾಕ್ಟರ ಕೈಬರಹ ಓದೋರು ಯಾರು ಮೇಡಂ? ಮೆಡಿಕಲ್ ಶಾಪಿನವರಿಗೆ ಕೊಡಬೇಕಷ್ಟೇ.

ತಮಾಷೆ ಸಾಕು, ಗಂಭೀರವಾಗಿ ಒಂದು ಮಾತು. 26 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್ ನಾನು. ನಿವೃತ್ತ ವೈದ್ಯರು ಬರೆಯೋ ನೆನಪುಗಳಲ್ಲಿ ನನಗೆ ಸರಿಬರದೇ ಇರೋದು ರೋಗಿಗಳು. ಹೆಸರು ಬದಲಾಯಿಸಿದ್ದೇವೆ ಅಂತಾರೆ. ಕಸುಬು, ಕಾಯಿಲೆ, ಎಷ್ಟು ಜನ ಮಕ್ಕಳು, ಎಲ್ಲಾ ಹಾಗೇ ಇರುತ್ತೆ. ಓದಿದವರಿಗೆ ಯಾರು ಅಂತ ಗೊತ್ತಾಗಲ್ವಾ? ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಕಥೆ ಗೊತ್ತಲ್ಲ. 1951ರಲ್ಲಿ ಕೇಳದೇ ತೆಗೆದ ಗಡ್ಡೆಯ ಜೀವಕೋಶ ಪ್ರಪಂಚದ ಲ್ಯಾಬುಗಳಿಗೆಲ್ಲ ಹೋಯಿತು. ಎಷ್ಟೋ ವರ್ಷ "ಹೆಲೆನ್ ಲೇನ್" ಅಂತ ಸುಳ್ಳು ಹೆಸರು ಓಡಾಡಿತು. 2013ರಲ್ಲಿ ಆ ಕೋಶಗಳ ಪೂರ್ತಿ ಜೀನೋಮನ್ನೇ, ಅಂದ್ರೆ ವಂಶವಾಹಿ ಮಾಹಿತಿಯನ್ನೆಲ್ಲ, ಬಹಿರಂಗ ಮಾಡಿದರು, ಆಗಲೂ ಮನೆಯವರನ್ನ ಕೇಳಲಿಲ್ಲ. ಹೆಸರು ಬದಲಿಸಿದ ಮಾತ್ರಕ್ಕೆ ಅದು ನಮ್ಮ ಸ್ವತ್ತಾಗಲ್ಲ.

ಗೂಬೆಕಣ್ಣು
ಹಾಗಂತ ಎಲ್ಲರ ಒಪ್ಪಿಗೆ ಪಡೆದೇ ಬರೆಯಬೇಕು ಅಂದರೆ ಸಾಹಿತ್ಯವೇ ಇರೋದಿಲ್ಲ. ಮೂರು ನಾಲ್ಕು ಜನರನ್ನು ಬೆರೆಸಿ ಒಂದು ಪಾತ್ರ ಮಾಡಬಹುದಲ್ಲ, ಕಥೆಗಾರರು ಮಾಡುವುದೇ ಅದು.

ರಾತ್ರಿಪಾಳಿ
ಕಥೆ ಅಂತ ಹೇಳಿ ಬೆರೆಸಿ, ನನ್ನ ತಕರಾರಿಲ್ಲ. "ನಡೆದದ್ದು ನಡೆದ ಹಾಗೆ" ಅಂತ ಹೇಳಿ ಬೆರೆಸಿದರೆ ಅದು ಬೇರೆ.

ಹಳೇಸೂಕ್ಷ್ಮದರ್ಶಕ
ರಾತ್ರಿಪಾಳಿಯವರ ಮಾತು ಒಪ್ಪುತ್ತೇನೆ. ಒಬ್ಬ ರೋಗಿಯ ವಿವರ ಪ್ರಬಂಧವಾಗಿ ಪ್ರಕಟಿಸುವುದಿದ್ದರೆ ಲಿಖಿತ ಒಪ್ಪಿಗೆ ಕೇಳುತ್ತೇವೆ. ನೆನಪುಗಳಿಗೆ ಯಾರೂ ಕೇಳುವುದಿಲ್ಲ. ಆ ಫ್ರೀಜರಿನಲ್ಲಿದ್ದದ್ದು 11 ವರ್ಷ ಕೂಡಿಟ್ಟ ಸೀರಂ. ಕೊಟ್ಟವರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದರು, ಇನ್ನೊಮ್ಮೆ ಕೇಳಲು ಬರುವಂತಿರಲಿಲ್ಲ. ಹಾಗಾಗಿ ರೋಗಿಗಳ ಬಗ್ಗೆ ಬರೆಯದೆ, ಲ್ಯಾಬಿನ ಬಗ್ಗೆ ಮಾತ್ರ ಬರೆಯುವುದು ಅಂದುಕೊಂಡಿದ್ದೇನೆ.

ಪೈಪೆಟ್
ಸರ್, ಒಂದು ಅನುಮಾನ. ನಮ್ಮಲ್ಲೂ ಮೈನಸ್ 80 ಇದೆ. ತುಂಬಿದ ಫ್ರೀಜರು, ಬಾಗಿಲು ಮುಚ್ಚಿದ್ರೆ, ಕೆಟ್ಟ ತಕ್ಷಣ ಏನೂ ಕರಗಲ್ಲ. ಶೂನ್ಯಕ್ಕೆ ಬರೋಕೆ ತುಂಬಾ ಗಂಟೆಗಳು ಬೇಕು, ಕೆಲವು ಸಲ ಒಂದು ದಿನಕ್ಕೂ ಜಾಸ್ತಿ. ಅಂದ್ರೆ ಭಾನುವಾರ ಬೆಳಿಗ್ಗೆ ಯಾರಾದ್ರೂ ಬಂದಿದ್ರೂ ಎಲ್ಲಾ ಉಳೀತಿತ್ತು. ಅಲಾರಾಂ ಇರೋದೇ ಅದಕ್ಕೆ.

ಒಂದೇಸಾಲು
ಅದಕ್ಕೇ ಕೇಳ್ತಿರೋದು.

ಕೊಂಕುಮಾತು
ನಾನೂ ಗಮನಿಸಿದೆ. ಡಾಕ್ಟ್ರು ಎಲ್ಲದಕ್ಕೂ ಉತ್ತರ ಕೊಟ್ಟರು, ಶ್ರೀರಾಮನಿಗೂ ಕೊಟ್ಟರು. ಅದೊಂದನ್ನು ಬಿಟ್ಟು.

ಬೇರುಬಿಳಲು
ಪಾಪ, ಬಿಡ್ರೀ. ವಿಚಾರಣೆ ಮಾಡೋಕೆ ಬಂದಿದ್ದೀರಾ, ಬರೆಯೋದು ಹೇಳಿಕೊಡೋಕೆ ಬಂದಿದ್ದೀರಾ?

ಅರ್ಧವಿರಾಮ
ವಿಚಾರಣೆ ಅಲ್ಲ, ವ್ಯಾಕರಣ. ಕನ್ನಡದಲ್ಲಿ "ನಾನು" ಅಂತ ಬರೆಯದೇ ಇದ್ದರೂ ಕ್ರಿಯಾಪದದ ಬಾಲದಲ್ಲಿ ಆಳು ಇದ್ದೇ ಇರುತ್ತಾನೆ. ನಿಲ್ಲಿಸಿದೆ, ನಿಲ್ಲಿಸಿದಳು, ನಿಲ್ಲಿಸಿದರು. ಬಾಲ ಕತ್ತರಿಸಲು ಇರುವ ಕತ್ತರಿಯೇ "ಲಾಗಿತ್ತು". ಉಳಿದ ಎರಡನ್ನು ಅಭ್ಯಾಸಬಲದಿಂದ ಬರೆದಿರಬಹುದು. ಇದೊಂದರ ಬಾಲ ಬೇಕು ನನಗೆ.

(ಎರಡು ದಿನದ ನಂತರ)

ಪೈಪೆಟ್
ಸರ್ ಕಾಣ್ತಿಲ್ಲ. ಜಾಸ್ತಿ ಕೆಣಕಿಬಿಟ್ವಾ?

ಹಳೇಸೂಕ್ಷ್ಮದರ್ಶಕ
ಇದ್ದೇನೆ. ನಾಲ್ಕು ಸಲ ಬರೆದು ಗೆರೆ ಹೊಡೆದೆ. ಐದನೆಯದು ಇದು.

"ಶನಿವಾರ ಸಂಜೆ ಫ್ರೀಜರಿನ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದರಿಂದ ಅಲಾರಾಂ ಮತ್ತೆ ಮತ್ತೆ ಕಿರುಚುತ್ತಿತ್ತು. ನಾನು ಪಕ್ಕದ ಕೋಣೆಯಲ್ಲಿ ಪ್ರಬಂಧದ ಕೊನೆಯ ಪ್ಯಾರಾ ಬರೆಯುತ್ತಿದ್ದೆ. ಎದ್ದು ಹೋಗಿ ಗುಂಡಿ ಒತ್ತಿದೆ. ಸದ್ದು ನಿಂತಿತು. ಪ್ಯಾರಾ ಮುಗಿಸಿ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರು ನೆಲದ ಮೇಲೆ ಕೂತಿದ್ದರು. ಅಲಾರಾಂ ಹೇಗೆ ಕೇಳಿಸಲಿಲ್ಲ ಅಂತ ನಾನು ಕೂಗಾಡಿದೆ. ಅವರು ತಲೆ ಎತ್ತಲಿಲ್ಲ. ಒಂದೊಂದೇ ಬಾಟಲಿ ದೀಪಕ್ಕೆ ಹಿಡಿದು ನೋಡುತ್ತಲೇ ಇದ್ದರು. ಮಧ್ಯಾಹ್ನ ಫ್ರೀಜರಿನ ಮುಂದೆ ಒಬ್ಬನೇ ನಿಂತಾಗ ನನ್ನ ಬೆರಳಿಗೆ ಆ ಗುಂಡಿ ನೆನಪಾಯಿತು. ಸಂಜೆ ವರದಿಗೆ ಸಹಿ ಹಾಕಿದೆ: ಅಲಾರಾಂ ಸದ್ದನ್ನು ನಿಲ್ಲಿಸಲಾಗಿತ್ತು."

ವರದಿ ಓದಿದವರೆಲ್ಲ ಅವರೇ ನಿಲ್ಲಿಸಿದ್ದು ಅಂದುಕೊಂಡರು. ಅವರನ್ನು ಬೇರೆ ವಿಭಾಗಕ್ಕೆ ಹಾಕಿದರು. ಇದಾಗಿ 22 ವರ್ಷ.

ಪೈಪೆಟ್
…

ಕರಡು
ಡಾಕ್ಟರ್, ಪತ್ರಿಕೆಯವಳಾಗಿ ಹೇಳುವುದಾದರೆ ಹೀಗೇ ಕಳಿಸಿ, ಹಾಕಿಕೊಳ್ಳುತ್ತೇನೆ. "ಬೆರಳಿಗೆ ಆ ಗುಂಡಿ ನೆನಪಾಯಿತು" ಅನ್ನುವುದನ್ನು ಯಾರು ತಿದ್ದಲು ಬಂದರೂ ಬಿಡಬೇಡಿ.

ಕೊಂಕುಮಾತು
ಮರ ಬಗ್ಗಿತು. ಗಾದೆ ವಾಪಸ್ ತಗೋತೀನಿ.

ರಾತ್ರಿಪಾಳಿ
ಸ್ವಲ್ಪ ತಾಳಿ, ಎಲ್ಲರೂ ಶಹಭಾಸ್ ಅನ್ನೋ ಮುಂಚೆ. ಆಕೆ ಇದ್ದಾರಾ? ಪತ್ರಿಕೆಯಲ್ಲಿ ಬಂದ ಮೇಲೆ ಯಾರೋ ಹೇಳಿ ಅವರಿಗೆ ಗೊತ್ತಾಗಬೇಕಾ? ಈ ಪ್ಯಾರಾ ಮೊದಲು ಓದಬೇಕಾದ್ದು ಕರಡು ಅವರಲ್ಲ, ನಾವಲ್ಲ.

ಗೂಬೆಕಣ್ಣು
22 ವರ್ಷ ಆದ ಮೇಲೆ ಹೋಗಿ ಕೆದಕೋದು ಅವರಿಗೆ ಒಳ್ಳೇದೋ, ಇವರ ಎದೆ ಭಾರ ಇಳಿಸಿಕೊಳ್ಳೋದಕ್ಕೋ? ಯೋಚಿಸಬೇಕಾದ್ದೇ.

ರಾತ್ರಿಪಾಳಿ
ಅದನ್ನ ಅವರೇ ಹೇಳಲಿ. ಅವರ ಪರವಾಗಿ ನಾವು ತೀರ್ಮಾನ ಮಾಡೋದು ಬೇಡ.

ಬೇರುಬಿಳಲು
ನರ್ಸ್ ಮೇಡಂ ಹೇಳೋದು ಸರಿ. ನಾನು ಆಕೆಯ ಮಗಳಾಗಿದ್ದರೆ ಪತ್ರಿಕೆಯಲ್ಲಿ ನೋಡೋಕೆ ಇಷ್ಟ ಪಡುತ್ತಿರಲಿಲ್ಲ.

ಅರ್ಧವಿರಾಮ
ನಾನು ಬಾಲ ಕೇಳಿದ್ದು ಇಷ್ಟಕ್ಕೆ ಹೋಗುತ್ತೆ ಅಂತ ಅಂದುಕೊಂಡಿರಲಿಲ್ಲ.

ಹಳೇಸೂಕ್ಷ್ಮದರ್ಶಕ
ನಂಬರ್ ಹಳೇ ಸಹೋದ್ಯೋಗಿಯೊಬ್ಬರ ಹತ್ತಿರ ಸಿಕ್ಕಿತು. ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಹೆಸರು ಹೇಳಿದ ಕೂಡಲೆ "ಸರ್, ಆರೋಗ್ಯ ಹೇಗಿದೆ" ಅಂದರು, ನನ್ನ ಬಾಯಿ ಕಟ್ಟಿತು. ಕೊನೆಗೆ ಆ ಪ್ಯಾರಾ ಓದಿ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಕರೆ ಕಟ್ಟಾಯಿತೇನೋ ಅಂತ ನೋಡಿಕೊಂಡೆ.

ಆಮೇಲೆ ಅಂದರು: "ಎಷ್ಟು ಸ್ಯಾಂಪಲ್ ಅಂತ ಬರೆದಿದ್ದೀರಿ?"

412 ಅಂದೆ.

"412 ಅಲ್ಲ ಸರ್, 421. ಪಟ್ಟಿ ಬರೆದವಳು ನಾನು."

ಇನ್ನೇನೂ ಹೇಳಲಿಲ್ಲ. ಬರೆದದ್ದನ್ನು ಕಳಿಸಿ, ಪೂರ್ತಿ ಓದಿ ಹೇಳುತ್ತೇನೆ ಅಂದು ಇಟ್ಟರು.

ಅರ್ಧವಿರಾಮ
ಹಾಗಾದರೆ ಮೊದಲ ಪೋಸ್ಟಿನಲ್ಲೂ ತಿದ್ದಿ. ಅಳಿಸಬೇಡಿ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಿರಿ.

ಒಂದೇಸಾಲು
ತಾರೀಖು, ಸಹಿ ಮರೀಬೇಡಿ ಸರ್.